ಹಳೆ ಫ್ಲ್ಯಾಶಿಗೆ 555 ಸಾಕು: ನನ್ನ ಡಿಲೇ ಸರ್ಕ್ಯೂಟಿನ ಅನುಭವ

ನೀರಿನ ಹನಿ ಬಿದ್ದು ಕಿರೀಟದ ಹಾಗೆ ಅರಳುತ್ತದಲ್ಲ, ಆ ಫೋಟೊ. ಬೀಳುವ ಹನಿ ಸೆನ್ಸರ್ ದಾಟಿದ ಮೇಲೆ ಲೆಕ್ಕದಷ್ಟು ಕಾದು ಫ್ಲ್ಯಾಶ್ ಹೊಡೆಸುವುದು ನನ್ನ ಸರ್ಕ್ಯೂಟಿನ ಕೆಲಸ, ಆ ಕಾಯುವ ಲೆಕ್ಕ ಇಡುವುದು 555 ಎಂಬ ಟೈಮರ್ ಚಿಪ್. ಮೊನ್ನೆ ಒಂದೇ ಪಟ್ಟಿಗೆ ಕೂತು ತೆಗೆದ 20ರಲ್ಲಿ 18 ಸರಿಯಾಗಿ ಬಂದವು. "555 ನಂಬಬೇಡ, ಮೈಕ್ರೊಕಂಟ್ರೋಲರ್ ಹಾಕು, ಆ ಹಳೆ ಫ್ಲ್ಯಾಶುಗಳನ್ನ ಗುಜರಿಗೆ ಕೊಡು" ಎಂದಿದ್ದ ಗೆಳೆಯರಿಗೆ ಹದಿನೆಂಟನ್ನೂ ಕಳಿಸಿದೆ. ಆಗ ಎಲ್ಲರೂ ಸರ್ಕ್ಯೂಟ್ ಕೇಳಿದರು.

ಮೊದಲು ಕೆಟ್ಟಿದ್ದನ್ನು ಹೇಳುತ್ತೇನೆ. ಫ್ಲ್ಯಾಶ್ ಹೊಡೆಸುವ ಸಿಂಕ್ ವೈರಿಗೆ ನೇರವಾಗಿ ಒಂದು ಬಿಸಿ547 ಟ್ರಾನ್ಸಿಸ್ಟರ್ ಕೊಟ್ಟೆ. ಚಟ್ ಎಂದಿತು, ಅಷ್ಟೇ. ಆಮೇಲೆ ಮೀಟರ್ ಹಿಡಿದರೆ ಒಂದು ಫ್ಲ್ಯಾಶಿನ ಸಿಂಕ್ ತುದಿಯಲ್ಲಿ 180 ವೋಲ್ಟ್ ಹತ್ತಿರ, ಇನ್ನೊಂದರಲ್ಲಿ 240 ದಾಟಿತ್ತು. 45 ವೋಲ್ಟಿನ ಟ್ರಾನ್ಸಿಸ್ಟರ್ ಎಲ್ಲಿ ತಡೆದೀತು? ಇಂಥ ಫ್ಲ್ಯಾಶನ್ನು ಈಗಿನ ಕ್ಯಾಮೆರಾದ ತಲೆ ಮೇಲಿನ ಫ್ಲ್ಯಾಶ್ ಕೂರಿಸುವ ಜಾಗಕ್ಕೆ (ಹಾಟ್‌ಶೂ) ಏರಿಸುವ ಮುಂಚೆ ಅಳೆದು ನೋಡಿ, ಟ್ರಾನ್ಸಿಸ್ಟರಿಗೆ ಆದ ಗತಿ ಕ್ಯಾಮೆರಾಗೂ ಆಗಬಹುದು.

ಆಮೇಲೆ ರಿಲೇ, ಅಂದರೆ ಅಯಸ್ಕಾಂತ ಎಳೆದು ಕೂಡಿಸುವ ಸ್ವಿಚ್ಚು. ಫ್ಲ್ಯಾಶೇನೋ ಹೊಡೆಯಿತು, ಆದರೆ ಒಮ್ಮೆ ಹನಿ ಇನ್ನೂ ಗಾಳಿಯಲ್ಲಿ, ಇನ್ನೊಮ್ಮೆ ಎಲ್ಲಾ ಮುಗಿದು ಬರೀ ಅಲೆ. 45 ಸೆಂಟಿಮೀಟರ್ ಮೇಲಿಂದ ಬಿದ್ದ ಹನಿ ನೀರು ಮುಟ್ಟುವಾಗ ಮಿಲಿಸೆಕೆಂಡಿಗೆ 3 ಮಿಲಿಮೀಟರ್ ಓಡುತ್ತಿರುತ್ತದೆ. ರಿಲೇ ಒಂದೊಂದು ಸಲಕ್ಕೆ ಒಂದೆರಡು ಮಿಲಿಸೆಕೆಂಡ್ ಆಚೀಚೆ ಆದರೂ ಕಥೆ ಮುಗಿಯಿತು. ಕೊನೆಗೆ ಅದರ ಕಾಂಟ್ಯಾಕ್ಟೇ ಅಂಟಿಕೊಂಡಿತು.

ಎಂಒಸಿ3021 ಆಪ್ಟೊ, ಅಂದರೆ ಎರಡು ಬದಿಗೆ ವೈರಿನ ನಂಟಿಲ್ಲದೆ ಬೆಳಕಿನಿಂದಲೇ ಸ್ವಿಚ್ ಮಾಡುವ ಚಿಪ್, ಹಾಕಿದ ಮೇಲೆ ದಾರಿ ಸಿಕ್ಕಿತು. ಅದನ್ನೊಂದನ್ನೇ ನಂಬಿ ಸುಮಾರು 300 ಹನಿ ತೆಗೆದೆ. ಒಂದು ರಾತ್ರಿ ಫ್ಲ್ಯಾಶ್ ಚಾರ್ಜ್ ಆದ ಕೂಡಲೇ ತಾನಾಗಿಯೇ ಹೊಡೆಯತೊಡಗಿತು: ಆಪ್ಟೊ ಒಳಗೇ ಶಾರ್ಟ್. ಟ್ರಿಗರ್ ಕೆಪಾಸಿಟರಿನ ಕರೆಂಟೆಲ್ಲ ಆ ಪುಟ್ಟ ಚಿಪ್ಪಿನ ಮೂಲಕವೇ ಹರಿಯುತ್ತಿತ್ತು. ಈಗ ಆಪ್ಟೊ ಬಿಟಿ136 ಟ್ರಯಾಕ್ ಎಂಬ ದೊಡ್ಡ ಎಲೆಕ್ಟ್ರಾನಿಕ್ ಸ್ವಿಚ್ಚಿನ ಗೇಟನ್ನು ಮಾತ್ರ ಎಬ್ಬಿಸುತ್ತದೆ, ಭಾರ ಹೊರುವುದು ಟ್ರಯಾಕ್. ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಎಸ್‌ಸಿಆರ್ ಬದಲು ಎರಡೂ ದಿಕ್ಕಿಗೆ ಬಿಡುವ ಟ್ರಯಾಕ್ ಯಾಕೆಂದರೆ ಸಿಂಕ್ ವೈರಿನ ಪ್ಲಸ್ ಮೈನಸ್ ಹುಡುಕುವ ಗೋಜೇ ಇಲ್ಲ.

ಡಿಲೇಗೆ ಒಂದೇ 556, ಅಂದರೆ ಎರಡು 555 ಸೇರಿದ ಒಂದು ಚಿಪ್. ಮೊದಲರ್ಧ ಕಾಯುತ್ತದೆ, ಎರಡನೆಯದು ಸುಮಾರು 10 ಮಿಲಿಸೆಕೆಂಡ್ ಪಲ್ಸ್ ಕೊಡುತ್ತದೆ. ನಡುವೆ 0.01 ಮೈಕ್ರೊಫ್ಯಾರಡ್ ಕೆಪಾಸಿಟರ್. ಟೈಮಿಂಗಿಗೆ ಮೊದಲು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಹಾಕಿದ್ದೆ, ಬೆಳಗ್ಗೆ ಹೊಂದಿಸಿದ್ದು ಸಂಜೆಗೆ ಇರುತ್ತಿರಲಿಲ್ಲ. ಗೆಳೆಯರು 555ನ ಮೇಲೆ ಹೊರಿಸಿದ ತಪ್ಪು ನಿಜಕ್ಕೂ ಆ ಕೆಪಾಸಿಟರಿನದು. 1 ಮೈಕ್ರೊಫ್ಯಾರಡ್ ಪಾಲಿಯೆಸ್ಟರ್ ಹಾಕಿದೆ, ನಿಂತುಬಿಟ್ಟಿತು. ಡಿಲೇ ಹೊಂದಿಸುವ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಮೊದಲು 250ಕೆ ಒಂದೇ ಸುತ್ತಿನದು: ಒಂದು ಡಿಗ್ರಿ ತಿರುಗಿದರೆ ಒಂದು ಮಿಲಿಸೆಕೆಂಡ್! ಬೆರಳಿಗೆ ಅಷ್ಟು ನಯ ಎಲ್ಲಿಂದ ಬರಬೇಕು? ಈಗ 180ಕೆ ರೆಸಿಸ್ಟರ್, ಅದಕ್ಕೆ ಸೀರೀಸಿನಲ್ಲಿ 100ಕೆ ಹತ್ತು ಸುತ್ತಿನ ಪಾಟ್. 198ರಿಂದ 308 ಮಿಲಿಸೆಕೆಂಡ್, ಸುತ್ತಿಗೆ 11. ನನ್ನ ಸೆನ್ಸರ್ ನಳಿಕೆಯಿಂದ 5 ಸೆಂಟಿಮೀಟರ್ ಕೆಳಗಿದೆ, ಹನಿ ಅಲ್ಲಿಂದ ನೀರಿಗೆ ಬರಲು 202 ಮಿಲಿಸೆಕೆಂಡ್. ಕಿರೀಟ ನನಗೆ 215ರ ಆಸುಪಾಸಿನಲ್ಲಿ ಸಿಗುತ್ತದೆ, ಆಮೇಲೆ ಏಳುವ ನೀರಿನ ಕಂಬ 270 ದಾಟಿದ ಮೇಲೆ.

ಇನ್ನೊಂದು ಕಾಟ: ಫ್ಲ್ಯಾಶ್ ಹೊಡೆದ ಏಟಿಗೇ 556 ಮತ್ತೆ ಟ್ರಿಗರ್ ಆಗುತ್ತಿತ್ತು. ಕಂಟ್ರೋಲ್ ಪಿನ್ನುಗಳಿಗೆ 0.01, ಸಪ್ಲೈಗೆ 0.1 ಮತ್ತು 100 ಮೈಕ್ರೊಫ್ಯಾರಡ್ ಕೆಪಾಸಿಟರ್, ರಿಸೆಟ್ ಎರಡೂ ಪ್ಲಸ್ಸಿಗೆ, ಸೆನ್ಸರ್ ವೈರಿಗೆ ಶೀಲ್ಡ್. ನಾಲ್ಕೂ ಬೇಕು. ಮೂರಕ್ಕೆ ಬಿಟ್ಟು ನೋಡಿದ್ದೇನೆ, ಸಾಲಲಿಲ್ಲ.

ಫುಲ್ ಪವರಿನಲ್ಲಿ ಹನಿಗೆ ಬಾಲ ಬರುತ್ತದೆ. ಫ್ಲ್ಯಾಶನ್ನು ಆಟೊಗೆ ಹಾಕಿ, ಅದರ ಬೆಳಕು ಅಳೆಯುವ ಕಣ್ಣಿನ ಮುಂದೆ ಒಂದು ಬಿಳಿ ಕಾಗದದ ಚೂರು ಅಂಟಿಸಿ. ಬೆಳಕು ಸಾಕಾಯಿತೆಂದುಕೊಂಡು ಬೇಗ ಆರುತ್ತದೆ, ಹನಿ ಗಾಜಿನ ಗೋಲಿಯ ಹಾಗೆ ನಿಲ್ಲುತ್ತದೆ. ಕಾಗದ ಎಷ್ಟು ದೂರ, ಯಾವ ಕೋನ ಎಂಬುದನ್ನು ನೀವೇ ಹುಡುಕಿ. ನನಗೆ ಎರಡು ವಾರ ಹಿಡಿಯಿತು. ನೀರಿಗೆ ಏನು ಬೆರೆಸುತ್ತೇನೆ ಎಂಬುದನ್ನೂ ಸದ್ಯಕ್ಕೆ ಹೇಳುವುದಿಲ್ಲ.

ಖರ್ಚು? ಸುಟ್ಟದ್ದೆಲ್ಲ ಸೇರಿಸಿದರೂ ರೆಡಿಮೇಡ್ ಟ್ರಿಗರ್ ಪೆಟ್ಟಿಗೆಯ ಬೆಲೆಯ ಹತ್ತನೇ ಒಂದು ಪಾಲು. ಹೆಚ್ಚು ದುಡ್ಡು ತಿಂದದ್ದು ಹತ್ತು ಸುತ್ತಿನ ಪಾಟ್ ಮತ್ತು ಫ್ಲ್ಯಾಶಿನ ಸೆಲ್ಲುಗಳು.

ನಡುವೆ ನೀರು ತುಂಬಿದ ಬಲೂನ್ ಒಡೆಯುವುದರ ಫೋಟೊಗೂ ಹೋದೆ. ಸೆನ್ಸರ್ ಜಾಗಕ್ಕೆ ಶಬ್ದ ಹಿಡಿಯುವ ಪೀಜೊ ಡಿಸ್ಕ್, ಡಿಲೇ ಬೈಪಾಸ್. ಶಬ್ದ ಒಂದು ಮೀಟರ್ ಬರಲು ಸುಮಾರು 3 ಮಿಲಿಸೆಕೆಂಡ್ ಬೇಕಲ್ಲ, ಡಿಸ್ಕನ್ನು ಹಿಂದಕ್ಕೆ ಸರಿಸಿದರೆ ಅದೇ ಡಿಲೇ. ಒಂದು ಗೇಣು ದೂರದಲ್ಲಿಟ್ಟಾಗ ರಬ್ಬರ್ ಅರ್ಧ ಸುಲಿದು, ಒಳಗಿನ ನೀರು ಇನ್ನೂ ಬಲೂನಿನ ಆಕಾರದಲ್ಲೇ ನಿಂತಿತ್ತು. ಈಗ ಪೆಟ್ಟಿಗೆಗೆ ಎರಡು ಸಾಕೆಟ್ ಕೊರೆದಿದ್ದೇನೆ, ಒಂದು ಹನಿಗೆ, ಒಂದು ಶಬ್ದಕ್ಕೆ.