ಆ್ಯಪ್‌ಇಮೇಜ್ ತೆರೆಯದೇ ಇದ್ದಾಗ

ಅವೆನ್ಯೂ ರಸ್ತೆ ಹತ್ತಿರ ನಮ್ಮ ಮಾವನ ಡಿಟಿಪಿ ಅಂಗಡಿ ಇದೆ. ಅಲ್ಲಿನ ಕಂಪ್ಯೂಟರಿಗೆ ಉಬುಂಟು 24.04 ಲಿನಕ್ಸ್ ಹಾಕಿದ ಮೇಲೆ, ಡಿಸೈನ್ ಮಾಡುವ ಇಂಕ್‌ಸ್ಕೇಪ್‌ನ ಹಳೆಯ ಆ್ಯಪ್‌ಇಮೇಜ್ (ಇನ್‌ಸ್ಟಾಲ್ ಮಾಡದೆ ನೇರ ಓಡಿಸುವ ಆ್ಯಪ್ ಫೈಲು) ತೆರೆಯಲೇ ಇಲ್ಲ. ಡಬಲ್ ಕ್ಲಿಕ್ ಮಾಡಿದರೆ ಎರರ್ ಕೂಡ ಇಲ್ಲ, ಸುಮ್ನೆ ಕೂತಿರುತ್ತದೆ. ರನ್ ಮಾಡುವ ಪರ್ಮಿಷನ್ ಕೊಟ್ಟೇ ಇತ್ತು. “ಮದುವೆ ಕಾರ್ಡು ಸಂಜೆಗೇ ಕೊಡಬೇಕು ಕಣೋ” ಅಂತ ಮಾವ ಬೇರೆ.

ಇಂಥ ಹೊತ್ತಲ್ಲಿ ಟರ್ಮಿನಲ್‌ನಿಂದ ಓಡಿಸಿ ನೋಡಬೇಕು. ಕಾರಣ ಅಲ್ಲೇ ಬಂತು: ‘ಲಿಬ್‌ಫ್ಯೂಸ್.ಎಸ್‌ಓ.2’ ಸಿಗುತ್ತಿಲ್ಲ. ಆ್ಯಪ್‌ಇಮೇಜ್ ಅಂದರೆ ಬುತ್ತಿ ಕಟ್ಟಿದ ಹಾಗೆ, ಬೇಕಾದ ಲೈಬ್ರರಿಗಳು ಹೆಚ್ಚುಕಮ್ಮಿ ಎಲ್ಲ ಒಂದೇ ಫೈಲಿನಲ್ಲಿ. ಆದರೆ ಆ ಫೈಲನ್ನು ಮೌಂಟ್ ಮಾಡಲು, ಅಂದರೆ ಒಂದು ಫೋಲ್ಡರಿನಂತೆ ತೆರೆದುಕೊಳ್ಳಲು, ಹಳೆಯವಕ್ಕೆ ಫ್ಯೂಸ್ 2 ಅನ್ನುವ ಲೈಬ್ರರಿ ಬೇಕು; ಸಿಗದೇ ಇದ್ದದ್ದು ಅದೇ. 22.04ರಿಂದ ಈಚೆಗೆ ಉಬುಂಟು ಜೊತೆ ಅದು ಬರುವುದಿಲ್ಲ.

24.04ರಲ್ಲಿ ಆ ಪ್ಯಾಕೇಜಿನ ಹೆಸರು ‘ಲಿಬ್‌ಫ್ಯೂಸ್2ಟಿ64’, 22.04ರಲ್ಲಿ ಬರೀ ‘ಲಿಬ್‌ಫ್ಯೂಸ್2’. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ‘ಆಪ್ಟ್’ ಕಮಾಂಡಿನಿಂದ ಹಾಕಿದೆ, ಇಂಕ್‌ಸ್ಕೇಪ್ ತೆರೆಯಿತು. ಒಂದು ಮಾತು: ಬರೀ ‘ಫ್ಯೂಸ್’ ಅನ್ನುವ ಪ್ಯಾಕೇಜ್ ಹಾಕಲೇಬೇಡಿ. ಅದು ಈಗಿನ ಉಬುಂಟು ಬಳಸುವ ಫ್ಯೂಸ್ 3 ಅನ್ನು ಕಿತ್ತು ಹಾಕುತ್ತದೆ, ಅದರ ಹಿಂದೆ ಡೆಸ್ಕ್‌ಟಾಪಿನ ಬೇರೆ ಭಾಗಗಳೂ ಹೋಗಬಹುದು. ಆಪ್ಟ್ ‘ಇವನ್ನು ತೆಗೆಯುತ್ತೇನೆ’ ಅಂತ ತೋರಿಸುವ ಪಟ್ಟಿಯನ್ನು ಓದದೆ ‘ವೈ’ ಒತ್ತುವವರೇ ಜಾಸ್ತಿ, ಅಲ್ವಾ?

ಅಡ್ಮಿನ್ ಪಾಸ್‌ವರ್ಡ್ ಇಲ್ಲದ ಕಡೆ, ಫೈಲಿನ ಹೆಸರಾದ ಮೇಲೆ ‘--ಆ್ಯಪ್‌ಇಮೇಜ್-ಎಕ್ಸ್‌ಟ್ರ್ಯಾಕ್ಟ್-ಆ್ಯಂಡ್-ರನ್’ ಸೇರಿಸಿ ಓಡಿಸಬಹುದು. ಪ್ರತಿ ಸಲ ಬಿಚ್ಚಿಕೊಂಡು ಓಡುವುದರಿಂದ ಶುರುವಾಗುವುದು ನಿಧಾನ. ಮೆನುವಿನಲ್ಲಿ ಐಕಾನ್ ಬೇಕಿದ್ದರೆ ಲಿನಕ್ಸ್ ಆ್ಯಪ್‌ಗಳು ಸಿಗುವ ಫ್ಲ್ಯಾಟ್‌ಹಬ್‌ನಲ್ಲಿ ಗೇರ್ ಲಿವರ್ ಅನ್ನುವ ಆ್ಯಪ್ ಸಿಗುತ್ತದೆ. ಮಾವನ ಕಂಪ್ಯೂಟರಿಗೆ ಅದನ್ನೂ ಹಾಕಿ ಬಂದೆ.