ಮೂರು ಗುಂಪು, ಮೂರು ವೇಗ: ಕ್ರ್ಯಾಕಿಂಗ್ ಮಾದರಿ ಕಟ್ಟುವುದು ಹೇಗೆ?

ಭಾರದ ಗ್ಯಾಸ್ ಆಯಿಲನ್ನು, ಅಂದರೆ ಕಚ್ಚಾ ತೈಲದ ದೊಡ್ಡ ಅಣುಗಳ ಭಾಗವನ್ನು, ಒಡೆದು ಪೆಟ್ರೋಲ್ ತೆಗೆಯುವ ಕ್ರ್ಯಾಕಿಂಗ್ ಘಟಕ ಮಂಗಳೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್‌ನಲ್ಲೂ ಇದೆ. 500 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಎಣ್ಣೆಯ ಆವಿ, ಒಡೆಯುವಿಕೆಗೆ ವೇಗ ಕೊಡುವ ಜಿಯೋಲೈಟ್ ಎಂಬ ಖನಿಜದ ಪುಡಿಯೊಂದಿಗೆ ಕೊಳವೆಯಲ್ಲಿ ಮೇಲೇರುತ್ತದೆ, ಕೆಲವೇ ಸೆಕೆಂಡಿನಲ್ಲಿ ಒಡೆಯುತ್ತದೆ. ಎಷ್ಟು ಪೆಟ್ರೋಲ್ ಬಂದೀತು ಎಂದು ಮುಂಚೆಯೇ ಹೇಳಲು ಕೈನೆಟಿಕ್ ಮಾದರಿ, ಅಂದರೆ ಕ್ರಿಯೆಯ ವೇಗವನ್ನು ಲೆಕ್ಕ ಹಾಕುವ ಸಮೀಕರಣಗಳು, ಬೇಕು.

ಎಣ್ಣೆಯಲ್ಲಿ ಸಾವಿರಾರು ಬಗೆಯ ಅಣುಗಳಿವೆ. ಒಂದೊಂದಕ್ಕೂ ಸಮೀಕರಣ ಬರೆಯುವುದು ಆಗದ ಮಾತು. ಆದ್ದರಿಂದ ಮೊದಲು ಗುಂಪು ಮಾಡಿ. 1970ರಲ್ಲಿ ವೀಕ್‌ಮನ್ ಮತ್ತು ನೇಸ್ ಎಂಬ ಸಂಶೋಧಕರು ಮೂರೇ ಗುಂಪು ಇಟ್ಟರು: ಗ್ಯಾಸ್ ಆಯಿಲ್ ಒಂದು, ಪೆಟ್ರೋಲ್ ಒಂದು, ಅನಿಲ ಮತ್ತು ಕೋಕ್ (ಪುಡಿಗೆ ಮೆತ್ತುವ ಇಂಗಾಲದ ಮಸಿ) ಸೇರಿಸಿ ಇನ್ನೊಂದು. ನೀವೂ ಇಲ್ಲಿಂದಲೇ ಶುರು ಮಾಡಿ.

ಆಮೇಲೆ ದಾರಿಗಳು. ಪ್ರತಿ ದಾರಿಗೂ ಒಂದು ವೇಗ ಸ್ಥಿರಾಂಕ, ಅದನ್ನು ಕೆ ಎನ್ನೋಣ. ಗ್ಯಾಸ್ ಆಯಿಲ್ ಪೆಟ್ರೋಲ್ ಆಗುವುದು ಕೆ1, ನೇರ ಅನಿಲ-ಕೋಕ್ ಆಗುವುದು ಕೆ3, ಆದ ಪೆಟ್ರೋಲೇ ಮತ್ತೆ ಒಡೆಯುವುದು ಕೆ2. ಪೆಟ್ರೋಲ್ ಒಡೆಯುವ ವೇಗ ಅದರ ಪಾಲಿಗೆ ಅನುಗುಣ. ಗ್ಯಾಸ್ ಆಯಿಲ್‌ನದು ಪಾಲಿನ ವರ್ಗಕ್ಕೆ (ಪಾಲನ್ನು ಪಾಲಿನಿಂದಲೇ ಗುಣಿಸಿದ್ದಕ್ಕೆ). ವರ್ಗ ಏಕೆ? ಸುಲಭದ ಅಣುಗಳು ಮೊದಲೇ ಒಡೆದುಹೋಗಿ ಹಟಮಾರಿಗಳು ಉಳಿಯುತ್ತವೆ, ವೇಗ ಬೇಗ ಕುಸಿಯುತ್ತದೆ. ವರ್ಗ ಆ ಕುಸಿತವನ್ನು ಹಿಡಿಯುತ್ತದೆ.

ಕಾಗದದ ಮೇಲೆ ಮಾಡಿ ನೋಡಿ. ಪುಡಿಯ ಕಸುವು ಕುಂದದು ಎಂದುಕೊಂಡರೆ, ಒಡೆದ ಪಾಲನ್ನು ಉಳಿದ ಪಾಲಿನಿಂದ ಭಾಗಿಸಿದ ಸಂಖ್ಯೆ ಎಣ್ಣೆ ಪುಡಿಯ ಸಂಪರ್ಕದಲ್ಲಿರುವ ಸಮಯಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಶೇ 60 ಒಡೆದಾಗ ಅದು 1.5, ಶೇ 75 ಒಡೆದಾಗ 3. ಸಮಯ ಇಮ್ಮಡಿಯಾಯಿತು! ಅಷ್ಟರಲ್ಲಿ ಪೆಟ್ರೋಲೂ ಒಡೆಯುತ್ತಿರುತ್ತದೆ. ಅದರ ರೇಖೆ ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಆ ತುದಿ ಎಲ್ಲಿ ಎಂದು ಕಂಡುಹಿಡಿಯಲೆಂದೇ ಇಷ್ಟೆಲ್ಲ ಲೆಕ್ಕ.

ನಿಜದಲ್ಲಿ ಪುಡಿಯ ಕಸುವು ಕುಂದುತ್ತದೆ, ಕೋಕ್ ಮೆತ್ತಿಕೊಂಡು. ಕೋಕ್ ಸುಮಾರಾಗಿ ಸಮಯದ ವರ್ಗಮೂಲದಂತೆ ಬೆಳೆಯುತ್ತದೆ ಎಂದು ವೂರ್‌ಹೀಸ್ ಎಂಬ ಸಂಶೋಧಕರು 1945ರಲ್ಲೇ ತೋರಿಸಿದ್ದರು. ಸಮಯ ನಾಲ್ಕು ಪಟ್ಟಾದರೆ ಕೋಕ್ ಎರಡು ಪಟ್ಟು. ಹಾಗಾಗಿ ಮೂರೂ ವೇಗಗಳನ್ನು, ಕಾಲ ಕಳೆದಂತೆ ಇಳಿಯುವ ಒಂದೇ ಅಂಶದಿಂದ ಗುಣಿಸಿ. ದಯವಿಟ್ಟು ಇದನ್ನು ಕೆ ಒಳಗೆ ಬೆರೆಸಬೇಡಿ. ಲ್ಯಾಬಿನ ಪ್ರಮಾಣಿತ ಪರೀಕ್ಷೆಯಲ್ಲಿ ಎಣ್ಣೆ 75 ಸೆಕೆಂಡ್ ಹರಿಯುತ್ತದೆ. ಅಲ್ಲಿ ಬೆರೆಸಿ ತೆಗೆದ ಕೆ, ಮೂರ್ನಾಲ್ಕು ಸೆಕೆಂಡಿನ ಕೊಳವೆಗೆ ಹೊಂದುವುದಿಲ್ಲ.

ಈಗ ಪ್ರಯೋಗ. ಅದೇ ಎಣ್ಣೆ, ಅದೇ ಪುಡಿ. 480, 510, 540 ಹೀಗೆ ಮೂರು ಉಷ್ಣತೆ. ಪ್ರತಿಯೊಂದರಲ್ಲೂ ಹರಿವು ಬದಲಿಸಿ. ಹಾಕಿದ ತೂಕ, ಬಂದ ತೂಕ ತಾಳೆಯಾಗದ ಪ್ರಯೋಗವನ್ನು ಬಿಟ್ಟುಬಿಡಿ. ಉಳಿದವಕ್ಕೆ ಕನಿಷ್ಠ ವರ್ಗ ವಿಧಾನದಲ್ಲಿ (ಲೆಕ್ಕಕ್ಕೂ ಅಳತೆಗೂ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ) ಕೆಗಳನ್ನು ಹೊಂದಿಸಿ. ಉಷ್ಣತೆಯನ್ನು ಕೆಲ್ವಿನ್‌ಗೆ ತಂದು, ಅದರ ವಿಲೋಮದ ಎದುರು ಕೆಯ ಲಾಗರಿದಮ್ ಗುರುತಿಸಿ. ಸರಳರೇಖೆ ಬಂದರೆ ಇಳಿಜಾರು ಸಕ್ರಿಯಗೊಳಿಸುವ ಶಕ್ತಿಯನ್ನು, ಅಂದರೆ ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆಯನ್ನು, ಕೊಡುತ್ತದೆ.

ಹೊಂದಿಸುವಾಗ ಬಳಸದ ಒಂದು ಪ್ರಯೋಗ ಪಕ್ಕಕ್ಕಿರಲಿ. ಮಾದರಿ ಅದನ್ನು ಹೇಳಬಲ್ಲದೇ ನೋಡಿ. ಕೋಕ್ ಬೇರೆಯಾಗಿ ಬೇಕಿದ್ದರೆ ಆಗ ನಾಲ್ಕನೇ ಗುಂಪು ಸೇರಿಸಿ. ಆದರೆ ಎಣ್ಣೆ ಬದಲಾದರೆ ಮೂರು ಗುಂಪಿನ ಕೆಗಳನ್ನು ಮೊದಲಿನಿಂದ ಹೊಂದಿಸಬೇಕು. 1976ರಲ್ಲಿ ಹತ್ತು ಗುಂಪಿನ ಮಾದರಿ ಬಂದದ್ದು ಈ ತೊಡಕನ್ನು ಬಿಡಿಸಲೆಂದೇ.