ವರ್ಕಿಂಗ್ ಹಾಲಿಡೇನಲ್ಲಿ ಯಾರೂ ಹೋಗದ ಊರುಗಳು ನನಗೆ ಸಿಕ್ಕಿದ್ದು ಹೇಗೆ

ಆಸ್ಟ್ರೇಲಿಯಾಗೆ ವರ್ಕ್ ಅಂಡ್ ಹಾಲಿಡೇ ವೀಸಾದಲ್ಲಿ ಬಂದೋರು ಬಹಳಷ್ಟು ಜನ ನೋಡ್ಕೊಂಡು ಹೋಗೋದು ಅದೇ ನಾಕೈದು ಜಾಗ, ಸಿಡ್ನಿ ಆಪೆರಾ ಹೌಸ್, ಗ್ರೇಟ್ ಓಷನ್ ರೋಡ್, ಕೇರ್ನ್ಸ್, ಕೈಯಲ್ಲಿ ಕಾಸಿದ್ರೆ ಉಲುರು ಬಂಡೆ. ತಪ್ಪೇನಿಲ್ಲ, ನಾನೂ ಕೆಲವು ನೋಡಿದೀನಿ, ಚೆನ್ನಾಗೇ ಇವೆ. ಆದ್ರೆ ಆಮೇಲೆ ನಾನು ಹಾಕಿದ ಫೋಟೋ ನೋಡಿ ಫ್ರೆಂಡ್ಸು ಇದ್ಯಾವ ಊರು, ಹೆಸರೇ ಕೇಳಿಲ್ಲ, ಹೇಗೆ ಹುಡುಕ್ದೆ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದ್ಸಲ ಕೂತು ಬರೆದುಬಿಡೋಣ ಅನ್ನಿಸ್ತು. ಉತ್ತರ ಸಿಂಪಲ್. ನಾನು ಜಾಗ ಹುಡುಕೋಕೆ ಹೋಗಲ್ಲ, ಕೆಲಸ ಹುಡುಕ್ತೀನಿ, ಕೆಲಸ ಎಲ್ಲಿಗೆ ಕರ್ಕೊಂಡು ಹೋಗತ್ತೋ ಅಲ್ಲಿನೋರ ಹತ್ರ ಮಾತಾಡ್ತೀನಿ.

ವೀಸಾ ಬಗ್ಗೆ ಎರಡೇ ಮಾತು. ನಮ್ಮ ಪಾಸ್‌ಪೋರ್ಟಿನೋರಿಗೆ ಇದು ಸಬ್‌ಕ್ಲಾಸ್ 462, 2024ರಿಂದ ಲಾಟರಿ ಥರ ಬ್ಯಾಲಟ್‌ನಲ್ಲಿ ಕೊಡ್ತಿದಾರೆ, ವರ್ಷಕ್ಕೆ 1,000 ಜನಕ್ಕೆ ಮಾತ್ರ, ವಯಸ್ಸು 18ರಿಂದ 30. ಬ್ಯಾಲಟ್‌ಗೆ ಹೆಸರು ಹಾಕೋಕೆ 25 ಆಸ್ಟ್ರೇಲಿಯನ್ ಡಾಲರ್. ಒಂದು ವರ್ಷದ ವೀಸಾ, ನಿಗದಿ ಮಾಡಿರೋ ಪ್ರದೇಶದಲ್ಲಿ ನಿಗದಿ ಮಾಡಿರೋ ಥರದ ಕೆಲಸ ಮೂರು ತಿಂಗಳು ಮಾಡಿದ್ರೆ ಎರಡನೇ ವರ್ಷಕ್ಕೆ ಅರ್ಜಿ ಹಾಕಬಹುದು. ಈ ಮೂರು ತಿಂಗಳನ್ನ ಜನ ಶಿಕ್ಷೆ ಥರ ನೋಡ್ತಾರೆ, ಹೇಗೋ ಮುಗಿಸಿ ಸಿಟಿಗೆ ಓಡೋಣ ಅಂತ. ನನ್ನ ಪ್ರಕಾರ ಇಡೀ ವೀಸಾದಲ್ಲಿ ನಿಜವಾದ ಹಾಲಿಡೇ ಇರೋದೇ ಅದರಲ್ಲಿ. ಟೂರಿಸ್ಟ್ ಬಸ್ಸು ಕಾಲಿಡದ ಊರಲ್ಲಿ ತಿಂಗಳುಗಟ್ಟಲೆ ಇರೋಕೆ ಅವರೇ ಸಂಬಳ ಕೊಡ್ತಾರೆ, ಇನ್ನೇನು ಬೇಕು.

ನಾನು ಹೋಗಿದ್ದು ಸೌತ್ ಆಸ್ಟ್ರೇಲಿಯಾದ ರಿವರ್‌ಲ್ಯಾಂಡ್‌ಗೆ. ಅಡಿಲೇಡ್‌ನಿಂದ ಪೂರ್ವಕ್ಕೆ ಸುಮಾರು 250 ಕಿಲೋಮೀಟರ್, ಮರ್ರೀ ನದಿ ದಂಡೆ, ರೆನ್‌ಮಾರ್ಕ್, ಬೆರ್ರಿ, ಬಾರ್ಮೆರಾ, ಲಾಕ್ಸ್‌ಟನ್, ವೈಕರಿ ಅಂತ ಸಣ್ಣ ಸಣ್ಣ ಊರುಗಳು. ಸ್ಟರ್ಟ್ ಹೈವೇ ಇದರ ಮಧ್ಯದಲ್ಲೇ ಹೋಗತ್ತೆ, ಅಡಿಲೇಡ್‌ನಿಂದ ಸಿಡ್ನಿ ಕಡೆ ಹೋಗೋ ಕಾರುಗಳು ಪೆಟ್ರೋಲ್ ಹಾಕ್ಸಿ ಒಂದು ಕಾಫಿ ಕುಡಿದು ಹೊರಡ್ತವೆ, ಇಳಿದು ನೋಡೋರು ಕಮ್ಮಿ. ಯಾಕೆ ಈ ಊರು ಅಂದ್ರೆ ಚಳಿಗಾಲದಲ್ಲಿ ನೇವಲ್ ಕಿತ್ತಳೆ ಕೀಳೋ ಸೀಸನ್, ಅಷ್ಟೇ. ಯಾವ ತಿಂಗಳು ಯಾವ ಬೆಳೆ ಎಲ್ಲಿ ಅನ್ನೋ ಸರ್ಕಾರದ ಹಾರ್ವೆಸ್ಟ್ ಗೈಡ್ ನೋಡಿ ಆರಿಸ್ಕೊಂಡೆ. ನಿಜ ಹೇಳ್ಬೇಕಂದ್ರೆ ನಾನು ಓದಿದ ಟ್ರಾವೆಲ್ ಗೈಡುಗಳಲ್ಲೆಲ್ಲ ಇದೇ ಬೆಸ್ಟು.

ಒಂದು ಎಚ್ಚರ, ಈ ಪ್ರದೇಶಕ್ಕೆ ಹೊರಗಿಂದ ಹಣ್ಣು ತರೋ ಹಾಗಿಲ್ಲ. ಫ್ರೂಟ್ ಫ್ಲೈ ಅನ್ನೋ ಹುಳದ ಭಯ. ವಿಕ್ಟೋರಿಯಾ ಕಡೆಯಿಂದ ಬಂದ್ರೆ ಯಾಂಬಾ ಅನ್ನೋ ಕಡೆ ಚೆಕ್‌ಪೋಸ್ಟ್ ಇದೆ, ಅಡಿಲೇಡ್ ಕಡೆಯಿಂದ ಬಂದ್ರೆ ರಸ್ತೆ ಪಕ್ಕ ಹಣ್ಣು ಎಸೆಯೋಕೆ ಡಬ್ಬ ಇಟ್ಟಿರ್ತಾರೆ. ಬ್ಯಾಗಲ್ಲಿ ಮರೆತ ಒಂದು ಸೇಬಿಗೂ ದಂಡ ಬೀಳಬಹುದು, ಸುಮ್ನೆ ಅಲ್ಲೇ ನಿಂತು ತಿಂದು ಮುಗಿಸೋದು ವಾಸಿ.

ತೋಟಕ್ಕೆ ಅಲ್ಲಿ ಬ್ಲಾಕ್ ಅಂತಾರೆ. ನಾನು ಕೆಲಸ ಮಾಡ್ತಿದ್ದ ಬ್ಲಾಕ್ ಒಬ್ಬ ಪಂಜಾಬಿ ಅಂಕಲ್‌ದು, ಎಷ್ಟೋ ವರ್ಷದಿಂದ ಅಲ್ಲೇ ಇರೋರು, ನನ್ನನ್ನ ಬೇಟಾ ಅಂತಾನೇ ಕರೀತಿದ್ರು. ಕಿತ್ತಳೆ ಕೀಳೋದು ಅಂದ್ರೆ ಎಳೆದು ಕಿತ್ತು ಬುಟ್ಟಿಗೆ ಹಾಕೋದಲ್ಲ, ಚಿಕ್ಕ ಕತ್ರಿ ಇರತ್ತೆ, ತೊಟ್ಟನ್ನ ಹಣ್ಣಿಗೆ ಸಮನಾಗಿ ಕತ್ತರಿಸ್ಬೇಕು, ಚೂರು ಉದ್ದ ಬಿಟ್ರೂ ಆ ತೊಟ್ಟು ಚೀಲದೊಳಗೆ ಪಕ್ಕದ ಹಣ್ಣಿಗೆ ಚುಚ್ಚಿ ಅದು ಕೊಳೆಯತ್ತೆ. ಹೆಗಲಿಗೆ ಚೀಲ ನೇತಾಕ್ಕೊಂಡು ಏಣಿ ಹತ್ತಿ ಇಳಿದು, ಚೀಲ ತುಂಬಿದ ಮೇಲೆ ದೊಡ್ಡ ಬಿನ್‌ಗೆ ಮೆಲ್ಲಗೆ ಸುರೀಬೇಕು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದಿದೆ, ಒದ್ದೆ ಹಣ್ಣು ಕೀಳೋ ಹಾಗಿಲ್ಲ. ಸಿಪ್ಪೆ ಮೇಲೆ ನೀರಿದ್ದಾಗ ಕೈ ಒತ್ತಿದ್ರೆ ಎಣ್ಣೆ ಚೀಲ ಒಡೆದು ಕಲೆ ಬೀಳತ್ತೆ, ಆ ಹಣ್ಣು ಎಕ್ಸ್‌ಪೋರ್ಟ್‌ಗೆ ಹೋಗಲ್ಲ. ಹಾಗಾಗಿ ಚಳಿಗಾಲದ ಬೆಳಿಗ್ಗೆ ಇಬ್ಬನಿ ಆರೋ ತನಕ ಎಲ್ಲರೂ ಶೆಡ್ಡಲ್ಲಿ ಸುಮ್ನೆ ಕಾಯ್ತಾ ಕೂತಿರ್ತಾರೆ. ಜೇಬಿಗೆ ನಷ್ಟ, ಆದ್ರೆ ನನ್ನ ಅರ್ಧ ತಿರುಗಾಟ ಹುಟ್ಟಿದ್ದೇ ಆ ಶೆಡ್ಡಲ್ಲಿ.

ಅಲ್ಲಿ ನಾನು ಕಲಿತಿದ್ದು ಹೇಗೆ ಕೇಳ್ಬೇಕು ಅನ್ನೋದು. ‘ಇಲ್ಲಿ ನೋಡೋಕೆ ಏನಿದೆ’ ಅಂದ್ರೆ ಎಂಥಾ ಹಳಬರೂ ಟೂರಿಸ್ಟ್ ಆಫೀಸಿನೋರ ಥರ ಮಾತಾಡಕ್ಕೆ ಶುರು ಮಾಡ್ತಾರೆ, ಹೌಸ್‌ಬೋಟ್, ವೈನರಿ, ಮತ್ತೆ ‘ಅಯ್ಯೋ ಇಲ್ಲೇನಿದೆ, ಅಡಿಲೇಡ್‌ಗೆ ಹೋಗು’. ಅದೇ ಜನಕ್ಕೆ ‘ಮಳೆ ಬಂದು ಕೆಲಸ ಇಲ್ಲ ಅಂದ್ರೆ ನೀವು ಎಲ್ಲಿಗೆ ಹೋಗ್ತೀರಾ’, ‘ಚಿಕ್ಕವರಿದ್ದಾಗ ಅಪ್ಪ ಮೀನು ಹಿಡಿಯೋಕೆ ಎಲ್ಲಿಗೆ ಕರ್ಕೊಂಡು ಹೋಗ್ತಿದ್ರು’, ‘ಹೊಸಾ ಕಾರು ತಗೊಂಡ್ರೆ ಮೊದಲ ರೌಂಡ್ ಯಾವ ರೋಡಲ್ಲಿ’ ಅಂತ ಕೇಳಿ ನೋಡಿ. ಒಂದು ನಿಮಿಷ ಯೋಚನೆ ಮಾಡ್ತಾರೆ, ಆಮೇಲೆ ಪಕ್ಕದಲ್ಲಿರೋನು ಅಲ್ಲ ಕಣೋ ಅದಕ್ಕಿಂತ ಇದು ಚೆನ್ನಾಗಿದೆ ಅಂತ ಬಾಯಿ ಹಾಕ್ತಾನೆ, ಇಬ್ಬರಿಗೂ ಜಗಳ ಶುರುವಾಗತ್ತೆ, ನೀವು ಸುಮ್ನೆ ಫೋನಲ್ಲಿ ಪಿನ್ ಹಾಕ್ಕೊಂಡು ಕೂತ್ಕೊಳ್ಳಿ.

ಹಾಗೆ ಗೊತ್ತಾಗಿದ್ದು ಲವ್‌ಡೇ. ಬಾರ್ಮೆರಾ ಪಕ್ಕದಲ್ಲೇ, ಈಗ ನೋಡಿದ್ರೆ ಬರೀ ಹೊಲ, ತೋಟ, ಅಲ್ಲಲ್ಲಿ ಸಿಮೆಂಟ್ ಅಡಿಪಾಯ. ಎರಡನೇ ಮಹಾಯುದ್ಧದಲ್ಲಿ, 1941ರಿಂದ 1946ರ ತನಕ, ಇಲ್ಲಿ ದೊಡ್ಡ ಬಂಧನ ಶಿಬಿರ ಇತ್ತು, ಜರ್ಮನ್, ಇಟಾಲಿಯನ್, ಜಪಾನಿ ಮೂಲದೋರನ್ನ ಸಾವಿರಾರು ಜನ ತಂದು ಇಟ್ಟಿದ್ರು, ಅದ್ರಲ್ಲಿ ಬಹಳ ಜನ ಸೈನಿಕರೇ ಅಲ್ಲ, ಮಾಮೂಲಿ ಅಂಗಡಿಯೋರು, ಮೀನುಗಾರರು. ಆ ಕೈದಿಗಳ ಕೈಲಿ ಅಫೀಮಿನ ಗಸಗಸೆ ಬೆಳೆಸಿ ಸೈನ್ಯಕ್ಕೆ ಮಾರ್ಫಿನ್ ಮಾಡ್ತಿದ್ರಂತೆ. ಇದನ್ನ ಶೆಡ್ಡಲ್ಲಿ ಒಬ್ಬ ಹೇಳ್ದಾಗ ಕತೆ ಕಟ್ತಿದಾನೆ ಅಂದ್ಕೊಂಡೆ, ಆಮೇಲೆ ಬಾರ್ಮೆರಾ ಇನ್ಫರ್ಮೇಷನ್ ಸೆಂಟರಲ್ಲಿ ನೋಡಿದ್ರೆ ಎಲ್ಲಾ ನಿಜ. ಹೋಗಿ ನಿಂತ್ರೆ ಫೋಟೋಗೆ ಏನೂ ಸಿಗಲ್ಲ ಅಲ್ಲಿ, ಸುತ್ತ ಬಹುಪಾಲು ಖಾಸಗಿ ಜಮೀನು. ಆದ್ರೂ ಆ ಮಧ್ಯಾಹ್ನ ನನಗೆ ಗ್ರೇಟ್ ಓಷನ್ ರೋಡಿನ ಫೇಮಸ್ ಸಮುದ್ರದ ಬಂಡೆಗಳು, ಟ್ವೆಲ್ವ್ ಅಪಾಸಲ್ಸ್‌ಗಿಂತ ಜಾಸ್ತಿ ನೆನಪಿದೆ.

ಇನ್ನೊಂದು ಫೆರ್ರಿ. ಮರ್ರೀ ನದಿಗೆ ಸೇತುವೆ ಕಮ್ಮಿ, ಅದಕ್ಕೆ ಸರ್ಕಾರವೇ ಕೇಬಲ್ ಫೆರ್ರಿ ಓಡಿಸತ್ತೆ, ಲಿರಪ್, ವೈಕರಿ, ಕಡೆಲ್, ಮಾರ್ಗನ್ ಹೀಗೆ ಸುಮಾರು ಊರಲ್ಲಿ, ಹಗಲು ರಾತ್ರಿ, ಫ್ರೀ. ಕಾರು ಸಮೇತ ಹತ್ತಿ ನಿಲ್ಲಿಸಿದ್ರೆ ಎರಡೂ ದಡಕ್ಕೆ ಕಟ್ಟಿರೋ ಉಕ್ಕಿನ ಹಗ್ಗ ಹಿಡ್ಕೊಂಡು ನಿಧಾನಕ್ಕೆ ದಾಟತ್ತೆ, ಕೆಲವೇ ನಿಮಿಷ. ಇದನ್ನ ಯಾರೂ ಪ್ರವಾಸಿ ತಾಣ ಅನ್ನಲ್ಲ. ನಾನು ಮಾತ್ರ ರಜಾ ದಿನ ಪ್ಲಾನ್ ಏನೂ ಇಲ್ಲ ಅಂದ್ರೆ ಮ್ಯಾಪಲ್ಲಿ ಒಂದು ಫೆರ್ರಿ ಆರಿಸ್ಕೊಂಡು ದಾಟಿ, ಆಚೆ ದಡದ ರೋಡಲ್ಲೇ ಮುಂದಿನ ಫೆರ್ರಿ ತನಕ ಹೋಗಿ ವಾಪಸ್ ಈ ಕಡೆಗೆ ಬರ್ತಿದ್ದೆ. ಒಂದೊಂದು ಭಾಗದಲ್ಲಿ ಸ್ಟರ್ಟ್ ಹೈವೇ ಒಂದು ದಡದಲ್ಲಷ್ಟೇ ಇರತ್ತಲ್ಲ, ಹಾಗಾಗಿ ಆಚೆ ದಡ ಯಾವಾಗ್ಲೂ ಖಾಲಿ. ಓವರ್‌ಲ್ಯಾಂಡ್ ಕಾರ್ನರ್‌ನ ಹಳೇ ಸುಣ್ಣಕಲ್ಲಿನ ಪಬ್ಬು, 1859ರಲ್ಲಿ ಕಟ್ಟಿದ್ದು, ಅದೂ ನನಗೆ ಸಿಕ್ಕಿದ್ದು ಹೀಗೇ ರೋಡ್ ಹಿಡ್ಕೊಂಡು ಸುತ್ತೋವಾಗ. ಲಾಕ್ಸ್‌ಟನ್ನಲ್ಲಿ ನದಿ ಪಕ್ಕ ಒಂದು ಮರ ಇದೆ, ಯಾವ್ಯಾವ ವರ್ಷದ ಪ್ರವಾಹ ಎಲ್ಲಿ ತನಕ ಬಂದಿತ್ತು ಅಂತ ಕಾಂಡದ ಮೇಲೆ ಗುರುತು ಹಾಕಿದಾರೆ, 1956ರ ಗುರುತು ತಲೆಯೆತ್ತಿ ನೋಡ್ಬೇಕು.

ರಜಾ ಸಿಗೋದು ಭಾನುವಾರ ಅಂತ ಗ್ಯಾರಂಟಿ ಇಲ್ಲ, ಮಂಗಳವಾರ ಬುಧವಾರ ಸಿಗತ್ತೆ, ಅದು ಒಂಥರಾ ಒಳ್ಳೇದೇ, ಜನ ಇರಲ್ಲ. ಆದ್ರೆ ಸಣ್ಣ ಊರಿನ ಮ್ಯೂಸಿಯಮ್ಮುಗಳನ್ನ ರಿಟೈರ್ ಆದೋರು ಸಂಬಳ ಇಲ್ಲದೆ ನಡೆಸ್ತಾರೆ, ವಾರಕ್ಕೆ ಎರಡು ಮಧ್ಯಾಹ್ನ ಬಾಗಿಲು ತೆಗೆದ್ರೆ ಜಾಸ್ತಿ. ಬಾಗಿಲ ಮೇಲೆ ಫೋನ್ ನಂಬರ್ ಅಂಟಿಸಿರ್ತಾರೆ, ಮುಜುಗರ ಬಿಟ್ಟು ಫೋನ್ ಮಾಡಿ. ನಾನು ಮಾಡಿದಾಗೆಲ್ಲ ಯಾರೋ ಒಬ್ಬರು ಕೀ ಹಿಡ್ಕೊಂಡು ಬಂದು ಬಾಗಿಲು ತೆಗೆದು, ಒಬ್ಬನಿಗೇ ಗಂಟೆಗಟ್ಟಲೆ ಕತೆ ಹೇಳಿದಾರೆ. ಸೂಪರ್‌ಮಾರ್ಕೆಟ್ ಮುಂದಿನ ನೋಟಿಸ್ ಬೋರ್ಡು, ಲೈಬ್ರರಿ, ಫುಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ಕ್ಲಬ್ಬಲ್ಲಿ ಪ್ರಾಕ್ಟೀಸ್ ದಿನ ರಾತ್ರಿ ಊಟ, ಇವು ಮೂರನ್ನೂ ಬಿಡಬೇಡಿ. ಇಂಟರ್ನೆಟ್ಟಲ್ಲಿ ಇರದ ಅರ್ಧ ವಿಷಯ ಆ ಬೋರ್ಡಲ್ಲಿ ಡ್ರಾಯಿಂಗ್ ಪಿನ್ ಚುಚ್ಚಿ ನೇತಾಡ್ತಿರತ್ತೆ.

ಆ ಕೀ ವಿಷಯ ಬಂದಿದ್ದಕ್ಕೆ ಬರ್ರಾ ಬಗ್ಗೆ ಹೇಳಲೇಬೇಕು. ಮಾರ್ಗನ್‌ನಿಂದ ಗಾಯ್ಡರ್ ಹೈವೇನಲ್ಲಿ ಒಂದು ಗಂಟೆ ದಾರಿ, 1845ರಲ್ಲಿ ತಾಮ್ರ ಸಿಕ್ಕಿ ರಾತ್ರೋರಾತ್ರಿ ಬೆಳೆದ ಊರು, 1877ರಲ್ಲಿ ಗಣಿ ಮುಚ್ಚಿತು. ಅಲ್ಲಿ ಇನ್ಫರ್ಮೇಷನ್ ಸೆಂಟರಲ್ಲಿ ದುಡ್ಡು, ಡೆಪಾಸಿಟ್ ಕಟ್ಟಿದ್ರೆ ನಿಮ್ಮ ಕೈಗೇ ಒಂದು ಕೀ ಕೊಡ್ತಾರೆ. ಊರ ತುಂಬ ಬೀಗ ಹಾಕಿರೋ ಹಳೇ ಜಾಗಗಳು, 1856ರ ಜೈಲು, ಬ್ರೂವರಿ ನೆಲಮಾಳಿಗೆ, ಎಲ್ಲಾ ನೀವೇ ಬೀಗ ತೆಗೆದು ಒಳಗೆ ಹೋಗಿ ನೋಡಿ ಮತ್ತೆ ಬೀಗ ಹಾಕ್ಕೊಂಡು ಬರೋದು. ಗೈಡಿಲ್ಲ, ಗುಂಪಿಲ್ಲ. ತೊರೆ ದಡದಲ್ಲಿ ಗಣಿ ಕೆಲಸದೋರು ಮಣ್ಣು ಕೊರೆದು ಗುಹೆ ಥರ ಮಾಡ್ಕೊಂಡ ಮನೆಗಳು ಒಂದೆರಡು ಉಳಿದಿವೆ, ಬಗ್ಗಿ ಒಳಗೆ ಹೋದ್ರೆ ಒಲೆ ಗೂಡು, ಮಸಿ ಹಿಡಿದ ಗೋಡೆ. ಒಂದು ಕಾಲಕ್ಕೆ ಸಾವಿರಕ್ಕೂ ಮೇಲೆ ಜನ ಹಿಂಗೆ ದಡದೊಳಗೇ ಸಂಸಾರ ಮಾಡ್ತಿದ್ರು, ತೊರೆಗೆ ನೆರೆ ಬಂದ್ರೆ ಎಲ್ಲಾ ಹೋಗ್ತಿತ್ತು.

ಬರ್ರಾ ಹತ್ರ ಒಂದು ಪಾಳು ಬಿದ್ದ ಕಲ್ಲು ಮನೆ ಇದೆ, ಯಾವುದೋ ರಾಕ್ ಬ್ಯಾಂಡ್ ಆಲ್ಬಂ ಮೇಲೆ ಬಂದಿತ್ತು ಅಂತ ಎಲ್ಲರೂ ಕಾರು ನಿಲ್ಲಿಸಿ ಅದರದ್ದೊಂದೇ ಫೋಟೋ ತಗೊಂಡು ಹೊರಟುಬಿಡ್ತಾರೆ. ಅಂಥವೇ ಮನೆಗಳು ಅಲ್ಲಿಂದ ಉತ್ತರಕ್ಕೆ ಹೋದಷ್ಟೂ ಸಿಗ್ತವೆ, ಯಾಕೆ ಅಂತ ಯಾರೂ ಕೇಳಲ್ಲ. 1865ರಲ್ಲಿ ಬರಗಾಲ ಬಿದ್ದಾಗ ಗಾಯ್ಡರ್ ಅನ್ನೋ ಸರ್ವೇಯರ್ ಕುದುರೆ ಮೇಲೆ ಸುತ್ತಿ, ಗಿಡ ಬದಲಾಗೋ ಜಾಗ ನೋಡ್ಕೊಂಡು ಮ್ಯಾಪಲ್ಲಿ ಒಂದು ಗೆರೆ ಎಳೆದ, ಇದರ ಉತ್ತರಕ್ಕೆ ಬೇಸಾಯಕ್ಕೆ ಮಳೆ ನಂಬಬೇಡಿ ಅಂತ. 1870ರ ದಶಕದಲ್ಲಿ ಕೆಲವು ವರ್ಷ ಒಳ್ಳೇ ಮಳೆ ಆಯ್ತು, ಜನ ಗೆರೆ ದಾಟಿ ಹೋಗಿ ಮನೆ ಕಟ್ಟಿ ಗೋಧಿ ಬಿತ್ತಿದ್ರು, 1880ರ ದಶಕದ ಬರಕ್ಕೆ ಎಲ್ಲಾ ಬಿಟ್ಟು ಬಂದ್ರು. ಇದು ಗೊತ್ತಾದ ಮೇಲೆ ನಾನು ಒಂದು ಮನೆ ಹುಡುಕೋದು ಬಿಟ್ಟು ಆ ಗೆರೆನೇ ಹಿಡ್ಕೊಂಡು ತಿರುಗಿದೆ, ಒಂದು ಕಡೆ ಪೈರು, ಇನ್ನೊಂದು ಕಡೆ ಬೂದು ಬಣ್ಣದ ಸಾಲ್ಟ್‌ಬುಷ್ ಪೊದೆ, ಕಣ್ಣಿಗೇ ಕಾಣತ್ತೆ.

ಅನುಮತಿ ವಿಷಯ ಸೀರಿಯಸ್ಸಾಗಿ ತಗೊಳ್ಳಿ. ಪಾಳು ಮನೆ ಅಂದ್ರೂ ಯಾರದ್ದೋ ಜಮೀನಲ್ಲಿರತ್ತೆ, ಬೇಲಿ ಹೊರಗೆ ನಿಂತೇ ನೋಡಿ, ಇಲ್ಲಾ ಕೇಳಿ. ಗೇಟ್ ಇದ್ರೆ ಹೇಗಿತ್ತೋ ಹಾಗೇ ಬಿಡಬೇಕು, ಮುಚ್ಚಿದ್ರೆ ಮುಚ್ಚಿ, ತೆರೆದಿದ್ರೆ ತೆರೆದೇ. ಆದಿವಾಸಿ ಸಮುದಾಯದ ಜಾಗಗಳಿಗಂತೂ ನಾನೇ ಹುಡುಕಿದೆ ಅಂತ ನುಗ್ಗೋದು ಬೇಡ. ನಿಲ್ಡೋಟಿ ಹತ್ರ ಮರ್ರೀ ನದಿ ಬಂಡೆ ಕೆಳಗೆ ನ್ಗೌಟ್ ನ್ಗೌಟ್ (Ngaut Ngaut) ಅನ್ನೋ ಜಾಗ ಇದೆ, 1929ರಲ್ಲಿ ಅಲ್ಲಿ ಪದರ ಪದರವಾಗಿ ಉತ್ಖನನ ಮಾಡಿದ್ರು, ಜನ ಅಲ್ಲಿ ಸಾವಿರಾರು ವರ್ಷದಿಂದ ಇದ್ದಿದ್ದು ಗೊತ್ತಾಯ್ತು. ಅದನ್ನ ನೋಡೋಕೆ ಆ ಸಮುದಾಯದೋರ ಜೊತೆಗೇ ಹೋಗ್ಬೇಕು, ಸರಿಯಾಗಿ ಅರ್ಥ ಆಗೋದೂ ಹಾಗೇ. ಅದೇ ಭಾಗದಲ್ಲಿ ಸ್ವಾನ್ ರೀಚ್ ಸುತ್ತ ಕತ್ತಲಲ್ಲಿ ನಕ್ಷತ್ರ ಚೆನ್ನಾಗಿ ಕಾಣ್ಲಿ ಅಂತ ಆಕಾಶಕ್ಕೇ ಮೀಸಲು ಪ್ರದೇಶ ಮಾಡಿದಾರೆ, 2019ರಲ್ಲಿ ಅಂತಾರಾಷ್ಟ್ರೀಯ ಡಾರ್ಕ್ ಸ್ಕೈ ರಿಸರ್ವ್ ಅಂತ ಮಾನ್ಯತೆ ಸಿಕ್ತು, ಅದಕ್ಕೆ ಅಮಾವಾಸ್ಯೆ ನೋಡ್ಕೊಂಡು ಹೋಗಿ, ಖರ್ಚಿಲ್ಲ.

ಕಾರಿಲ್ಲದೆ ಇದ್ಯಾವುದೂ ಆಗಲ್ಲ. ಹಳೇ ಕಾರು ಒಂದನ್ನ ಇಬ್ಬರು ಮೂವರು ಸೇರಿ ತಗೊಳ್ಳಿ. ಬಾಡಿಗೆ ಕಾರಾದ್ರೆ ಕರಾರು ಪೂರ್ತಿ ಓದಿ, ಮಣ್ಣು ರಸ್ತೇಲಿ ಏನಾದ್ರೂ ಆದ್ರೆ ಇನ್ಶೂರೆನ್ಸ್ ಇಲ್ಲ ಅಂತ ಸಾಮಾನ್ಯವಾಗಿ ಬರೆದಿರ್ತಾರೆ, ನಾನು ಹೇಳಿದ ಜಾಗಗಳಲ್ಲಿ ಅರ್ಧ ಮಣ್ಣು ರಸ್ತೆನೇ. ಮಳೆ ಬಂದ ಮೇಲೆ ಆ ರಸ್ತೆಗಳು ಬೇಡವೇ ಬೇಡ. ಸಂಜೆ ಕತ್ತಲಾಗೋ ಹೊತ್ತು, ಬೆಳಗಿನ ಜಾವ ಕಾಂಗರೂ ಕಾಟ, ಬಿಸಿಲಿರೋವಾಗ್ಲೇ ವಾಪಸ್ ಬನ್ನಿ. ಸಿಮ್ ಟೆಲ್‌ಸ್ಟ್ರಾದ್ದೇ ತಗೊಳ್ಳಿ, ಸ್ವಲ್ಪ ದುಬಾರಿ, ಆದ್ರೆ ಒಳಗಡೆ ಸಿಗ್ನಲ್ ಸಿಗೋ ಚಾನ್ಸ್ ಅದಕ್ಕೇ ಜಾಸ್ತಿ. ಆದ್ರೂ ಆಫ್‌ಲೈನ್ ಮ್ಯಾಪ್ ಇರಲಿ, ಎಲ್ಲಿಗೆ ಹೋಗ್ತಿದೀನಿ ಯಾವಾಗ ಬರ್ತೀನಿ ಅಂತ ಒಬ್ಬರಿಗೆ ಹೇಳಿರಿ. ನಮ್ಮ ಅಂಕಲ್ ನಾನು ಹೇಳ್ದೆ ಹೋದ್ರೆ ಬೈತಿದ್ರು.

ಈ ವೀಸಾದಲ್ಲಿ ಒಬ್ಬ ಮಾಲೀಕರ ಹತ್ರ ಸಾಮಾನ್ಯವಾಗಿ ಆರು ತಿಂಗಳಿಗಿಂತ ಜಾಸ್ತಿ ಇರೋ ಹಾಗಿಲ್ಲ, ಕೆಲವು ವಿನಾಯಿತಿ ಇವೆ. ಹೇಗೂ ಊರು ಬದಲಾಯಿಸ್ಬೇಕು. ಹೊರಡೋ ಮುಂಚೆ ಶೆಡ್ಡಲ್ಲೇ ಕೊನೇ ಪ್ರಶ್ನೆ ಕೇಳಿಬಿಡಿ, ಮುಂದೆ ಎಲ್ಲಿ ಕೆಲಸ ಸಿಗತ್ತೆ, ಅಲ್ಲಿ ನಿಮಗೆ ಗೊತ್ತಿರೋರು ಯಾರಿದಾರೆ ಅಂತ. ನಾನು ಹಾಗೇ ಗೋಧಿ ಕೊಯ್ಲಿನ ಟೈಮಿಗೆ ಅದೇ ರಾಜ್ಯದ ಪಶ್ಚಿಮಕ್ಕಿರೋ ಐರ್ ಪೆನಿನ್ಸುಲಾ ಕಡೆ ಹೋದೆ, ಧಾನ್ಯದ ಲಾರಿಗಳು ಸಾಲಾಗಿ ಬರೋವಾಗ ಸ್ಯಾಂಪಲ್ ತೆಗೆಯೋ ಕೆಲಸ. ಕ್ಯೂನಲ್ಲಿ ನಿಂತ ಡ್ರೈವರ್‌ಗಳಿಗೆ ಮಾತಾಡೋದು ಬಿಟ್ರೆ ಬೇರೆ ಕೆಲಸ ಇಲ್ಲ, ಶೆಡ್ಡಿಗಿಂತ ವಾಸಿ. ಎಲ್ಲರೂ ವೇವ್ ರಾಕ್ ನೋಡೋಕೆ ವೆಸ್ಟರ್ನ್ ಆಸ್ಟ್ರೇಲಿಯಾದ ಹೈಡನ್ ತನಕ ಹೋಗ್ತಾರಲ್ಲ, ಅದೇ ಥರ ಅಲೆ ಎದ್ದ ಹಾಗಿರೋ ಗ್ರಾನೈಟ್ ಬಂಡೆ ಮಿನ್ನಿಪಾ ಹತ್ರಾನೂ ಇದೆ, ಪಿಲ್ಡಪ್ಪಾ ರಾಕ್ ಅಂತ, ಅದನ್ನ ಹೇಳಿದ್ದು ಅಂಥ ಒಬ್ಬ ಡ್ರೈವರ್ರೇ. ಅಲ್ಲೇ ರಾತ್ರಿ ಟೆಂಟ್ ಹಾಕಬಹುದು. ನೀರು ಮಾತ್ರ ಬೇಕಾದಷ್ಟು ನೀವೇ ತುಂಬ್ಕೊಂಡು ಹೋಗಿ, ನೊಣಕ್ಕೆ ಮುಖದ ಬಲೆ ಮರೀಬೇಡಿ.